ಸಾಲವೇನೋ ಸಿಕ್ತು, ಕೂರೋದೆಲ್ಲಿ?

ಗೃಹಿಣಿಯರ ಉಳಿತಾಯ ಖಾತೆಯ ಬಗ್ಗೆ ಹೋದ ಸಲ ಬರೆದದ್ದಕ್ಕೆ ಬಂದ ಪತ್ರಗಳಲ್ಲಿ ಒಂದು ಸ್ವಲ್ಪ ಖಾರವಾಗಿತ್ತು. "ಮೇಡಂ, ತೆರಿಗೆ ಕಟ್ಟುವ ನಾವು ಸಾಲ ಕೇಳಲು ಹೋದರೆ ಬ್ಯಾಂಕಿನವರು ನೂರೆಂಟು ಕಾಗದ ಕೇಳ್ತಾರೆ. ಫುಟ್‌ಪಾತ್ ಮೇಲೆ ಗಾಡಿ ಇಟ್ಟವರಿಗೆ ಮಾತ್ರ ಜಾಮೀನೇ ಇಲ್ಲದೆ ಸರ್ಕಾರ ಸಾಲ ಕೊಡಿಸುತ್ತೆ. ಅವರೇನು ವಾಪಸ್ ಕಟ್ತಾರಾ? ನೀವು ಬ್ಯಾಂಕಿನಲ್ಲಿ ಇದ್ದವರು, ನಿಜ ಹೇಳಿ" ಅಂತ.

ಹೇಳ್ತೀನಿ. ನಾನು 2022ರಲ್ಲಿ ನಿವೃತ್ತಳಾದೆ. ಕೊನೆಯ ಎರಡು ವರ್ಷ ನನ್ನ ಟೇಬಲ್ ಮೇಲೆ ಬಂದ ಕೆಲಸದಲ್ಲಿ ಬಹುಪಾಲು ಇದೇ ಸಾಲದ್ದು, ಪಿಎಂ ಸ್ವನಿಧಿ. ಆದರೆ "ಕಟ್ತಾರಾ" ಅನ್ನುವ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದು ಮಾತಿನಲ್ಲಿ ಉತ್ತರ ಕೊಟ್ಟರೆ ಅದು ಉತ್ತರವಾಗೋದಿಲ್ಲ. ಹೇಗೆ ಕಟ್ತಾರೆ ಅನ್ನೋದನ್ನು ನೋಡಬೇಕು.

ಮೊದಲು ಈ ಸಾಲ ಬರುವ ಮುಂಚೆ ಅವರು ದುಡ್ಡು ಎಲ್ಲಿಂದ ತರುತ್ತಿದ್ದರು ಅನ್ನೋದನ್ನು ನೋಡೋಣ. ನಮ್ಮ ಕಡೆ ಇದಕ್ಕೆ ಮೀಟರ್ ಬಡ್ಡಿ ಅಂತಾರೆ. ಬೆಳಗಿನ ಜಾವ ಮಂಡಿಗೆ ಹೋಗುವ ಮುಂಚೆ ಒಬ್ಬ ಬೈಕಿನಲ್ಲಿ ಬರ್ತಾನೆ. ಸಾವಿರ ರೂಪಾಯಿ ಅಂತ ಲೆಕ್ಕ, ಕೈಗೆ ಕೊಡೋದು 900. ಸಂಜೆ ವ್ಯಾಪಾರ ಮುಗಿಸುವ ಹೊತ್ತಿಗೆ ಮತ್ತೆ ಬರ್ತಾನೆ, ಪೂರ್ತಿ ಸಾವಿರ ಕೊಡಬೇಕು. ಕೊಡೋಕೆ ಆಗದಿದ್ದರೆ ನೂರು ರೂಪಾಯಿ ಕೊಟ್ಟು, ಸಾವಿರವನ್ನು ನಾಳೆಗೆ ಮುಂದೂಡಬಹುದು. ನಾಳಿದ್ದಿಗೂ ಮುಂದೂಡಬಹುದು, ದಿನಾ ನೂರು ಕೊಡ್ತಾ ಇದ್ದರಾಯಿತು.

ಇದರ ಪಕ್ಕದಲ್ಲಿ ಬ್ಯಾಂಕಿನ ಲೆಕ್ಕ ಇಟ್ಟು ನೋಡಿ. ಹತ್ತು ಸಾವಿರ ರೂಪಾಯಿ ಸಾಲಕ್ಕೆ ಶೇ 12ರ ಬಡ್ಡಿ ಅಂತ ಹಿಡಿದರೂ, ಹನ್ನೆರಡು ತಿಂಗಳ ಕಂತಿನಲ್ಲಿ ಕಟ್ಟಿದರೆ ಇಡೀ ವರ್ಷದ ಬಡ್ಡಿ 660 ರೂಪಾಯಿ ಆಸುಪಾಸು. ಸರಿಯಾಗಿ ಕಂತು ಕಟ್ಟಿದವರಿಗೆ ಸರ್ಕಾರ ಶೇ 7ರಷ್ಟು ಬಡ್ಡಿಯನ್ನು ತಾನೇ ಭರಿಸಿ ಖಾತೆಗೆ ಹಾಕುತ್ತೆ. ಅದು ಬಂದ ಮೇಲೆ ಆಕೆಗೆ ಬೀಳೋದು ಮುನ್ನೂರು ರೂಪಾಯಿಗೂ ಕಡಿಮೆ. ಅಲ್ಲಿ 900 ರೂಪಾಯಿಗೆ ಒಂದು ವಾರಕ್ಕೇ 700 ರೂಪಾಯಿ ಬಡ್ಡಿ, ಇಲ್ಲಿ ಹತ್ತು ಸಾವಿರಕ್ಕೆ ಒಂದು ವರ್ಷಕ್ಕೆ ಅಷ್ಟೂ ಇಲ್ಲ. ಮೂವತ್ತು ವರ್ಷ ಬಡ್ಡಿ ಲೆಕ್ಕ ಹಾಕಿದವಳು ನಾನು. ಆದರೂ ಈ ಎರಡನ್ನು ಮೊದಲ ಸಲ ಒಂದೇ ಹಾಳೆಯ ಮೇಲೆ ಬರೆದಾಗ ಎರಡೆರಡು ಸಲ ಕೂಡಿ ನೋಡಿದ್ದೆ.

ಸ್ವನಿಧಿ ಶುರುವಾದದ್ದು 2020ರ ಜೂನ್ 1ಕ್ಕೆ. ಲಾಕ್‌ಡೌನ್‌ನಲ್ಲಿ ಬೀದಿ ವ್ಯಾಪಾರಿಗಳು ಇದ್ದ ಬಂಡವಾಳವನ್ನೂ ತಿಂದು ಮುಗಿಸಿದ್ದರು. ಮೊದಲು 10,000; ಅದನ್ನು ತೀರಿಸಿದರೆ 20,000; ಅದನ್ನೂ ತೀರಿಸಿದರೆ 50,000. 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿ ಮೊದಲ ಕಂತನ್ನು 15,000ಕ್ಕೆ, ಎರಡನೆಯದನ್ನು 25,000ಕ್ಕೆ ಏರಿಸಿದ್ದಾರೆ. ನಮ್ಮ ರಾಜ್ಯದಲ್ಲಿ ಇದಕ್ಕೂ ಮುಂಚೆ, 2018ರಲ್ಲಿ, 'ಬಡವರ ಬಂಧು' ಅಂತ ಸಹಕಾರಿ ಬ್ಯಾಂಕುಗಳ ಮೂಲಕ ಬಡ್ಡಿಯೇ ಇಲ್ಲದ ಸಣ್ಣ ಸಾಲ ಕೊಡುವ ಯೋಜನೆ ಬಂದಿತ್ತು. ಅದರ ಗುರಿಯೂ ಇದೇ ಮೀಟರ್ ಬಡ್ಡಿಯನ್ನು ತಪ್ಪಿಸೋದು. ಇನ್ನೂ ಹಿಂದಕ್ಕೆ ಹೋದರೆ ಅಹಮದಾಬಾದಿನಲ್ಲಿ ಇಳಾ ಭಟ್ ಅವರ 'ಸೇವಾ' ಸಂಘಟನೆಯ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ 1974ರಲ್ಲಿ ತಮ್ಮದೇ ಬ್ಯಾಂಕ್ ಕಟ್ಟಿಕೊಂಡಿದ್ದರು. ಬೇರೆ ಬ್ಯಾಂಕುಗಳು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಕಾಲ ಅದು. ಹಾಗಾಗಿ ಬಡವರಿಗೆ ಸಾಲ ಕೊಟ್ಟರೆ ಮುಳುಗಿಹೋಗುತ್ತೆ ಅನ್ನೋ ಮಾತಿಗೆ ಉತ್ತರ ಸಿಕ್ಕಿ ಐವತ್ತು ವರ್ಷ ಆಯ್ತು.

ಇನ್ನು ನಮ್ಮ ಬೀದಿಯ ಹೂವಮ್ಮ. ಅವರ ನಿಜವಾದ ಹೆಸರು ಇಲ್ಲಿ ಬೇಡ. ಎಲ್ಲರೂ ಕರೆಯೋದು ಹಾಗೇ, ಅದೇ ಇರಲಿ. ಗಂಡ ತೀರಿಹೋಗಿ ಬಹಳ ಕಾಲವಾಯ್ತು, ಮಗ ಪೇಂಟಿಂಗ್ ಕೆಲಸ ಮಾಡ್ತಾನೆ. ಸರ್ಕಲ್ಲಿನ ಅರಳಿಕಟ್ಟೆಯ ಎದುರು ಇಪ್ಪತ್ತು ವರ್ಷದಿಂದ ಕೂತು ಹೂ ಮಾರ್ತಾರೆ. ಮಾರು ಅಳೆಯುವಾಗ ಕೊನೆಗೆ ಅರ್ಧ ಮೊಳ ಹೆಚ್ಚೇ ಬಿಡುವ ಕೈ ಅದು.

ಮೊದಲ ಸಲ ಅರ್ಜಿ ಹಾಕಿದಾಗ ಅವರ ಕಾಗದಪತ್ರಗಳೇ ಒಂದಕ್ಕೊಂದು ಜಗಳ ಆಡ್ತಿದ್ದವು. ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ, ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು, ಪಾಸ್‌ಬುಕ್ಕಿನಲ್ಲಿ ಯಾವುದೂ ಇಲ್ಲ. ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರು ಯಾವತ್ತೋ ಕಳೆದುಹೋದ ಸಿಮ್ಮಿನದು, ಓಟಿಪಿ ಬರೋದು ಯಾರಿಗೋ. ಮೊದಲು ನಂಬರು ಬದಲಿಸಲು ಆಧಾರ್ ಕೇಂದ್ರ, ಅಲ್ಲಿಂದ ಶಿಫಾರಸು ಪತ್ರಕ್ಕೆ ನಗರಾಡಳಿತದ ಕಚೇರಿ, ಆಮೇಲೆ ಬ್ಯಾಂಕು. ಸರ್ವೆಯಲ್ಲಿ ಹೆಸರು ಇದ್ದವರಿಗೆ ಗುರುತಿನ ಚೀಟಿ ಸಾಕು. ಸರ್ವೆ ನಡೆದ ದಿನ ಊರಲ್ಲಿ ಇಲ್ಲದಿದ್ದವರಿಗೆ, ಇವರ ಹಾಗೆ, 'ಹೌದು, ಇವರು ಇಲ್ಲಿ ವ್ಯಾಪಾರ ಮಾಡ್ತಾರೆ' ಅನ್ನುವ ಶಿಫಾರಸು ಪತ್ರ ಬೇಕು. ಈ ಪತ್ರದ ಮಾತು ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಬ್ಯಾಂಕಿನೊಳಗಿನ ಮಾತನ್ನೂ ಹೇಳಿಬಿಡ್ತೀನಿ. ಹತ್ತು ಸಾವಿರದ ಸಾಲಕ್ಕೂ ಹತ್ತು ಲಕ್ಷದ ಸಾಲಕ್ಕೂ ಗುಮಾಸ್ತರ ಕೈ ನೋವು ಹೆಚ್ಚುಕಡಿಮೆ ಒಂದೇ. ಈ ಸಾಲಕ್ಕೆ ಸರ್ಕಾರದ ಗ್ಯಾರಂಟಿ ಇದ್ದರೂ ಕೆಲವು ಕಡೆ ಅರ್ಜಿಗಳನ್ನು ಒಂದಲ್ಲ ಒಂದು ನೆಪದಲ್ಲಿ ವಾಪಸ್ ಕಳಿಸೋದೇ ಜಾಣತನ ಅಂದುಕೊಂಡಿದ್ದರು. "ನಾಳೆ ಬನ್ನಿ" ಅನ್ನೋದು ನಮಗೆ ಎರಡು ಶಬ್ದ. ಅರಳಿಕಟ್ಟೆ ಎದುರು ಕೂರುವವರಿಗೆ ಅದು ಒಂದು ದಿನದ ವ್ಯಾಪಾರ. ಹೂವಮ್ಮ ನಮ್ಮ ಶಾಖೆಗೆ ಐದು ಸಲ ಬಂದರು, ಆರನೇ ಸಲ ದುಡ್ಡು ಖಾತೆಗೆ ಬಿತ್ತು.

ಹತ್ತು ಸಾವಿರದಲ್ಲಿ ಏನು ಮಾಡಿದಿರಿ ಅಂತ ಕೇಳಿದ್ದೆ. "ಮಂಡೀಲಿ ಕೈಲಿ ಕಾಸು ಹಿಡ್ಕೊಂಡು ನಿಂತ್ಕೊಂಡೆ ಕಣಮ್ಮ" ಅಂದರು. ಅಷ್ಟೇ. ಆದರೆ ಅದರಲ್ಲೇ ಎಲ್ಲ ಇದೆ. ಉದ್ರಿ ತರುವವರಿಗೆ ಮಂಡಿಯವನು ಕೊಡೋದು ನಿನ್ನೆಯ ಹೂ, ಹೇಳೋದು ಇವತ್ತಿನ ರೇಟು. ಕೈಲಿ ಕಾಸಿದ್ದರೆ ಆರಿಸಬಹುದು, ಚೌಕಾಸಿ ಮಾಡಬಹುದು, ಪಕ್ಕದ ಅಂಗಡಿಗೆ ಹೋಗಬಹುದು. ಆ ವರ್ಷ ಬೈಕಿನವನು ಹೂವಮ್ಮನ ಹತ್ತಿರ ಬರೋದು ನಿಂತಿತು. ಹನ್ನೆರಡು ಕಂತೂ ತಪ್ಪದೆ ಕಟ್ಟಿದರು. 2022ರ ಕೊನೆಯಲ್ಲಿ ಎರಡನೆಯ ಸಾಲ, 20,000, ಹದಿನೆಂಟು ಕಂತು, ತಿಂಗಳಿಗೆ 1,220 ರೂಪಾಯಿ. ಅದರಲ್ಲಿ ಒಂದು ತಳ್ಳುಗಾಡಿ, ದೊಡ್ಡ ಛತ್ರಿ, ಹೂ ಬಾಡದಿರಲಿ ಅಂತ ಒಂದು ಐಸ್ ಪೆಟ್ಟಿಗೆ ಬಂತು. ನೆಲದ ಮೇಲೆ ಗೋಣಿ ಹಾಸಿ ಕೂರುತ್ತಿದ್ದವರು ಗಾಡಿ ಹಿಂದೆ ನಿಂತರು.

ಗಾಡಿಗೆ ಕ್ಯೂಆರ್ ಕೋಡ್ ಅಂಟಿಸಿದರು. ತಿಂಗಳಿಗೆ ಇಷ್ಟು ಸಲ ಫೋನಿನಲ್ಲಿ ದುಡ್ಡು ತಗೊಂಡರೆ ನೂರು ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಅಂತ ಯೋಜನೆಯಲ್ಲೇ ಇದೆ. ಪ್ರತಿ ಸಲ ಕನಿಷ್ಠ 25 ರೂಪಾಯಿ ಆಗಬೇಕು. ಹತ್ತು ರೂಪಾಯಿಗೆ ಒಂದು ಮೊಳ ಕೊಳ್ಳುವ ನಮ್ಮಂಥವರಿಂದ ಅದು ತುಂಬೋದು ಕಷ್ಟ, ಆ ಮಾತು ಬೇರೆ. ನನ್ನ ತಕರಾರು ಇನ್ನೊಂದಿದೆ. ಆ ಕೋಡು ಯಾರ ಖಾತೆಯದು? ಹೂವಮ್ಮನ ಹತ್ತಿರ ಇರೋದು ಬಟನ್ ಫೋನು. ಕೋಡು ಮಗನ ಫೋನಿಗೆ ಜೋಡಿಸಿದ್ದು. ಸಾಲ ಅಮ್ಮನ ಹೆಸರಿಗೆ, ಕಂತು ಅಮ್ಮನ ಖಾತೆಯಿಂದ, ದಿನದ ವ್ಯಾಪಾರದಲ್ಲಿ ಅರ್ಧ ಮಗನ ಜೇಬಿಗೆ. ಮಗ ಕೆಟ್ಟವನಲ್ಲ, ಕೇಳಿದರೆ ಕೊಡ್ತಾನೆ. ಆದರೆ ತನ್ನ ದುಡ್ಡನ್ನು ತಾನೇ ಕೇಳಿ ಪಡೆಯಬೇಕಾದ ಪರಿಸ್ಥಿತಿಯಿಂದ ಹೆಂಗಸರನ್ನು ಹೊರಗೆ ತರಬೇಕು ಅಂತಲೇ ಅಲ್ಲವೇ ಈ ಯೋಜನೆಗಳೆಲ್ಲ ಇರೋದು? ಹೂವು, ಸೊಪ್ಪು ಕೊಳ್ಳುವಾಗ ಸ್ಕ್ಯಾನ್ ಮಾಡಿದ ಮೇಲೆ ಯಾರ ಹೆಸರು ಬರುತ್ತೆ ಅಂತ ಒಮ್ಮೆ ನೋಡಿ. ಹೆಂಗಸು ಮಾರುತ್ತಿದ್ದು ಗಂಡಸಿನ ಹೆಸರು ಬಂದರೆ, ಚಿಲ್ಲರೆ ಇದ್ದಾಗ ನಾನು ಚಿಲ್ಲರೆಯನ್ನೇ ಕೊಡ್ತೀನಿ.

2023ರ ಆಗಸ್ಟ್. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹೂವಿನ ವ್ಯಾಪಾರದವರಿಗೆ ವರ್ಷದಲ್ಲಿ ಇಂಥ ದಿನ ನಾಲ್ಕೋ ಐದೋ. ಹೂವಮ್ಮ ಉಳಿಸಿದ್ದು, ಕೈಗಡ ಎಲ್ಲ ಸೇರಿಸಿ ಆರು ಸಾವಿರದ ಮಾಲು ಹಾಕಿದ್ದರು: ಸೇವಂತಿಗೆ, ಕನಕಾಂಬರ, ತಾವರೆ ಮೊಗ್ಗು, ಬಾಳೆಕಂದು. ಗುರುವಾರ ಬೆಳಿಗ್ಗೆ ಏಳೂವರೆಗೆ ನಗರಾಡಳಿತದ ಲಾರಿ ಬಂತು. ಸರ್ಕಲ್ಲು ತೆರವು. ಹಬ್ಬದ ಜನಸಂದಣಿಗೆ ಟ್ರಾಫಿಕ್ ತೊಂದರೆ ಆಗುತ್ತೆ ಅಂತ. ಗಾಡಿ, ಛತ್ರಿ, ಐಸ್ ಪೆಟ್ಟಿಗೆ, ಹೂವಿನ ಬುಟ್ಟಿ ಎಲ್ಲ ಎತ್ತಿ ಲಾರಿಗೆ ಹಾಕಿದರು. ಗಾಡಿಯ ಬದಿಗೆ ಪ್ಲಾಸ್ಟಿಕ್ ಕವರಿನಲ್ಲಿ ಶಿಫಾರಸು ಪತ್ರದ ಜೆರಾಕ್ಸ್ ಕಟ್ಟಿತ್ತು. ಕೊಟ್ಟಿದ್ದು ಅದೇ ಕಚೇರಿ. ಇವರು ಇಲ್ಲಿ ವ್ಯಾಪಾರ ಮಾಡ್ತಾರೆ ಅಂತ ಬರೆದುಕೊಟ್ಟವರೇ, ಇಲ್ಲಿ ಯಾಕೆ ವ್ಯಾಪಾರ ಮಾಡ್ತೀಯ ಅಂತ ಹೊತ್ತುಕೊಂಡು ಹೋದರು.

ಹತ್ತು ಗಂಟೆಗೆ ನಮ್ಮ ಮನೆಗೆ ಬಂದರು. ಅಳುತ್ತಿರಲಿಲ್ಲ. "ಹೂವ ಸಾಯಂಕಾಲಕ್ಕೆ ಸತ್ತೋಗ್ತವೆ, ಬನ್ನಿ ಅಮ್ಮಾವ್ರೇ" ಅಂದರು. ಹೋದೆವು. ಅಲ್ಲಿದ್ದವರು ಒರಟಾಗೇನೂ ಮಾತಾಡಲಿಲ್ಲ, ಕುರ್ಚಿ ಕೊಟ್ಟರು, ನನಗೆ. "ಮೇಲಿಂದ ಆರ್ಡರ್ ಮೇಡಂ, ಸೋಮವಾರ ಬನ್ನಿ, ದಂಡ ಕಟ್ಟಿ ತಗೊಂಡು ಹೋಗಿ."

ಆಗ ನಾನು ಮನೆಗೆ ಬಂದು ಕಾಯ್ದೆಯನ್ನು ಪೂರ್ತಿ ಓದಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅಂತ ಒಂದಿದೆ, ಆ ವರ್ಷದ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಊರಿನ ವ್ಯಾಪಾರಿಗಳ ಸರ್ವೆ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಎಬ್ಬಿಸಲೇಬೇಕಾದರೆ ಮೂವತ್ತು ದಿನದ ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಏನೇನು ಅಂತ ಪಟ್ಟಿ ಮಾಡಿ, ಸಹಿ ಹಾಕಿ, ವ್ಯಾಪಾರಿಗೆ ಒಂದು ಪ್ರತಿ ಕೊಡಬೇಕು. ವ್ಯಾಪಾರಿ ಬಂದು ಕೇಳಿದರೆ ಕೆಡದ ಸಾಮಾನನ್ನು ಎರಡು ಕೆಲಸದ ದಿನದೊಳಗೆ, ಹೂವು, ಹಣ್ಣು, ತರಕಾರಿಯಂಥ ಕೆಡುವ ಸಾಮಾನನ್ನು ಅದೇ ದಿನ ಬಿಡಬೇಕು. ಅದೇ ದಿನ! ಕಾಯ್ದೆ ಬರೆದವರಲ್ಲಿ ಯಾರೋ ಹೂವಿನ ಬುಟ್ಟಿಯನ್ನು ಕಣ್ಣಾರೆ ಕಂಡವರು ಇದ್ದಿರಬೇಕು.

ಮಧ್ಯಾಹ್ನ ಮತ್ತೆ ಹೋದೆವು, ಆ ಸೆಕ್ಷನ್‌ನ ಪ್ರಿಂಟ್ ಹಿಡಿದುಕೊಂಡು. ಅಧಿಕಾರಿ ಹಬ್ಬಕ್ಕೆ ಊರಿಗೆ ಹೊರಟಾಗಿತ್ತು. ಸೋಮವಾರ ಗಾಡಿ ಸಿಕ್ಕಿತು, ಛತ್ರಿಯ ಒಂದು ಕಡ್ಡಿ ಮುರಿದಿತ್ತು. ಪ್ರಿಂಟ್ ನೋಡಿದ ಮೇಲೆ ದಂಡ ಬೇಡ ಅಂದರು. ಬುಟ್ಟಿಯೊಳಗೆ ಹೂವು ಕೊಳೆತು ಗೊಜ್ಜಾಗಿತ್ತು. ಬುಟ್ಟಿ ತೊಳೆದು ಮನೆಗೆ ತಂದರು.

ಪತ್ರ ಬರೆದ ಓದುಗರೇ, ನಿಮ್ಮ ಪ್ರಶ್ನೆಗೆ ಉತ್ತರ ಇದರ ಮುಂದಿನ ವಾರದಲ್ಲಿದೆ. ಐದನೇ ತಾರೀಖು ಕಂತು. ಕೈಲಿ ಇದ್ದದ್ದು 320 ರೂಪಾಯಿ. ಬೇಕಾದದ್ದು ಇನ್ನು 900. ಬೈಕಿನವನು ಕೊಡೋದು ಎಷ್ಟು ಅಂತ ಮೇಲೆ ಬರೆದಿದ್ದೀನಿ, ಸರಿಯಾಗಿ ಅಷ್ಟೇ. ಮೀಟರ್ ಬಡ್ಡಿಯಿಂದ ತಪ್ಪಿಸೋಕೆ ಅಂತ ಕೊಟ್ಟ ಬ್ಯಾಂಕ್ ಸಾಲದ ಕಂತನ್ನು ಮೀಟರ್ ಬಡ್ಡಿ ತಂದು ಕಟ್ಟಿದರು. ಸಾವಿರ ಒಟ್ಟು ಮಾಡಿ ಕೊಡೋವರೆಗೆ ಹನ್ನೊಂದು ದಿನ ದಿನಕ್ಕೆ ನೂರು, ಅಂದರೆ 1,100 ರೂಪಾಯಿ ಬಡ್ಡಿಗೇ ಹೋಯ್ತು. ಒಂದು ಕಂತು ತಡವಾದರೆ ಏನಾಗ್ತಿತ್ತು, ನನ್ನನ್ನು ಕೇಳಬಾರದಿತ್ತೇ ಅಂತ ಬೈದೆ. "ಬ್ಯಾಂಕಲ್ಲಿ ಹೆಸರು ಕೆಟ್ರೆ ಮುಂದಿನ ಸಾಲ ಕೊಡಲ್ಲ ಅಂದವ್ರೆ. ನಿಮ್ಮತ್ರ ಕೇಳಿದ್ರೆ ನಾಳೆ ನೀವು ಹೂವ ತಗೊಳೋವಾಗ ನಾನು ಹೆಂಗೆ ದುಡ್ಡು ಇಸ್ಕೊಳ್ಳಲಿ?" ಅಂದರು. ನಾನು ಸುಮ್ಮನಾದೆ.

ಬ್ಯಾಂಕಿನ ಪುಸ್ತಕದಲ್ಲಿ ಅದು 'ಸರಿಯಾದ ಸಮಯಕ್ಕೆ ಪಾವತಿ' ಅಂತ ದಾಖಲಾಗುತ್ತೆ. ಯೋಜನೆ ಯಶಸ್ವಿ ಅಂತ ಲೆಕ್ಕಕ್ಕೂ ಸೇರುತ್ತೆ. ಕಟ್ಟದೇ ಇರುವವರೂ ಇದ್ದಾರೆ, ಇಲ್ಲ ಅಂತ ನಾನು ಹೇಳೋದಿಲ್ಲ. ಸಾಲ ತಗೊಂಡು ಊರು ಬಿಟ್ಟವರ ಕಡತವೂ ನನ್ನ ಟೇಬಲ್ಲಿಗೆ ಬಂದಿತ್ತು. ಆದರೆ ಕಂತು ತಪ್ಪಿಸಿದ ಎಷ್ಟೋ ಮಂದಿಯನ್ನು ಕೇಳಿದಾಗ ಸಿಕ್ಕಿದ್ದು ಮೂರು ಕಾರಣ: ಕಾಯಿಲೆ, ಸಂಘದ ಸಾಲ, ಲಾರಿ.

ಈಗ ಇನ್ನೊಂದು ಕಡೆಯ ಮಾತು. ಫುಟ್‌ಪಾತ್ ನಡೆಯುವವರದ್ದು, ನಿಜ. ನನ್ನ ಮಂಡಿ ನೋವಿಗೆ ರಸ್ತೆಗಿಳಿದು ಮತ್ತೆ ಹತ್ತೋದು ಎಷ್ಟು ಕಷ್ಟ ಅಂತ ನನಗೇ ಗೊತ್ತು. ಮಗುವಿನ ಗಾಡಿ ತಳ್ಳುವವರು, ಗಾಲಿಕುರ್ಚಿಯವರು ಏನು ಮಾಡಬೇಕು? ಇಬ್ಬರಿಗೂ ಜಾಗ ಮಾಡಿಕೊಡೋದು ಹೇಗೆ ಅಂತ ಕೂತು ನಿರ್ಧರಿಸಲೆಂದೇ ಆ ಕಾಯ್ದೆ ಇರೋದು. ಸುಪ್ರೀಂ ಕೋರ್ಟ್ 1989ರಲ್ಲೇ ಬೀದಿಯಲ್ಲಿ ವ್ಯಾಪಾರ ಮಾಡೋದು ಸಂವಿಧಾನ ಕೊಟ್ಟ ಹಕ್ಕಿನೊಳಗೆ ಬರುತ್ತೆ, ಆದರೆ ಅದಕ್ಕೆ ನ್ಯಾಯವಾದ ಮಿತಿ ಹಾಕಬಹುದು ಅಂದಿತ್ತು. ಮಿತಿ ಯಾರು ಹಾಕಬೇಕು? ಪಟ್ಟಣ ವ್ಯಾಪಾರ ಸಮಿತಿ. ಪ್ರತಿ ಊರಿನಲ್ಲೂ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ. ಎಲ್ಲಿ ಮಾರಬಹುದು, ಎಲ್ಲಿ ಮಾರಕೂಡದು, ಯಾವ ಹೊತ್ತಿಗೆ ಅಂತ ಗುರುತು ಮಾಡಬೇಕು. ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಹೊಂದಿಸಬೇಕು ಅಂತ ಲೆಕ್ಕವನ್ನೂ ಕೊಟ್ಟಿದೆ. ಅಂದರೆ ನೂರು ಜನಕ್ಕೆ ಇಬ್ಬರೋ ಮೂವರೋ. ನಮ್ಮ ಊರಿನಲ್ಲಿ ಸಮಿತಿ ಇದೆಯಾ ಅಂತ ವಿಚಾರಿಸಿದೆ. ಇದೆ. ಸಭೆ ಯಾವಾಗ ಆಯ್ತು ಅಂದರೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು.

ನನಗೆ ಅನಿಸೋದು ಇಷ್ಟು. ಬಡವರಿಗೆ ದುಡ್ಡು ಕೊಡೋದು ಸರ್ಕಾರಗಳಿಗೆ ಈಗ ಕಷ್ಟವಿಲ್ಲ. ಯಾವ ಪಕ್ಷದ್ದೇ ಆಗಲಿ, ಬಟನ್ ಒತ್ತಿದರೆ ಖಾತೆಗೆ ಹೋಗುತ್ತೆ. ಹೂವಮ್ಮನಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತೆ. ಮಂಡಿಗೆ ಹೋಗೋಕೆ ಶಕ್ತಿ ಯೋಜನೆಯ ಬಸ್ಸು, ಬೆಳಿಗ್ಗೆ ಇಂದಿರಾ ಕ್ಯಾಂಟೀನಿನ ಇಡ್ಲಿ. ಇವುಗಳನ್ನು ಬಿಟ್ಟಿ ಅಂತ ಆಡಿಕೊಳ್ಳುವವರು ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅವರ ಜೊತೆ ಮಂಡಿಗೆ ಹೋಗಿ ಬರಲಿ. ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ನಾಲ್ಕು ಅಡಿ ಜಾಗ ಕೊಡೋದು ಕಷ್ಟ. ಅದಕ್ಕೆ ಸಭೆ ಮಾಡಬೇಕು, ಅಂಗಡಿಯವರ ಜೊತೆ, ಟ್ರಾಫಿಕ್ ಪೊಲೀಸರ ಜೊತೆ, ನಮ್ಮಂಥ ನಿವಾಸಿಗಳ ಜೊತೆ ಮಾತಾಡಬೇಕು, ಕೆಲವರ ಸಿಟ್ಟು ಕಟ್ಟಿಕೊಳ್ಳಬೇಕು. ಹಾಗಾಗಿ ಸಾಲ ಮುಂದಕ್ಕೆ ಹೋಗುತ್ತೆ, ಸರ್ವೆ ಹಿಂದಕ್ಕೆ ಉಳಿಯುತ್ತೆ.

ಸಾಲ ತಗೊಂಡವರ ಮನೆಯವರಿಗೆ ಬೇರೆ ಎಂಟು ಯೋಜನೆಗಳನ್ನು ಜೋಡಿಸುವ 'ಸ್ವನಿಧಿಯಿಂದ ಸಮೃದ್ಧಿ' ಅನ್ನುವುದೂ ಇದೆ. ಜನಧನ್ ಖಾತೆ, ಪಿಂಚಣಿ, ಒಂದೇ ರೇಷನ್ ಕಾರ್ಡು, ಬಾಣಂತಿಯರ ಸಹಾಯಧನ ಹೀಗೆ. ಎಲ್ಲವನ್ನೂ ಇಲ್ಲಿ ವಿವರಿಸೋಲ್ಲ. ಒಂದನ್ನು ಮಾತ್ರ ಹೇಳ್ತೀನಿ: ಸುರಕ್ಷಾ ಬಿಮಾ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ ಎರಡು ಲಕ್ಷ. ದಿನವಿಡೀ ಲಾರಿ ಬಸ್ಸುಗಳ ಪಕ್ಕ ನಿಲ್ಲುವವರಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇಲ್ಲ. ನಿಮ್ಮ ಸೊಪ್ಪಿನವರು, ಇಸ್ತ್ರಿಯವರು ಮಾಡಿಸಿದ್ದಾರಾ ಕೇಳಿ. ಇಲ್ಲ ಅಂದರೆ ಬ್ಯಾಂಕಿನ ಫಾರಂ ಒಂದೇ ಪುಟ, ತುಂಬಿಕೊಡೋಕೆ ಐದು ನಿಮಿಷ.

ಹೂವಮ್ಮ ಎರಡನೆಯ ಸಾಲವನ್ನೂ ಪೂರ್ತಿ ತೀರಿಸಿದ್ದಾರೆ. ಈಗ ಮೂರನೆಯದು, 50,000. ಬ್ಯಾಂಕಿನಿಂದ ಫೋನು ಬಂದು ಎರಡು ತಿಂಗಳಾಯ್ತು, ಇನ್ನೂ ಹೋಗಿಲ್ಲ. ಸರ್ಕಲ್ಲಿನಲ್ಲಿ ರಸ್ತೆ ಅಗಲ ಮಾಡ್ತಾರಂತೆ ಅನ್ನೋ ಸುದ್ದಿ ಇದೆ. "ಐವತ್ತು ಸಾವಿರ ತಗೊಂಡು ಎಲ್ಲಿ ಕೂರ್ಲಿ ಅಮ್ಮಾವ್ರೇ, ಮೊದ್ಲು ಅದು ಗೊತ್ತಾಗ್ಲಿ" ಅಂತಾರೆ. ಇಪ್ಪತ್ತು ವರ್ಷ ಒಂದೇ ಕಡೆ ವ್ಯಾಪಾರ ಮಾಡಿದ್ದೀನಿ, ಸರ್ವೆಗೆ ಸೇರಿಸಿ, ಪ್ರಮಾಣಪತ್ರ ಕೊಡಿ ಅಂತ ಹೋದ ವಾರ ಅರ್ಜಿ ಬರೆದುಕೊಟ್ಟೆ. ಅರಳಿಕಟ್ಟೆ ಎದುರಿನ ಇನ್ನೂ ಹನ್ನೊಂದು ಜನ ಅದೇ ಥರದ ಅರ್ಜಿ ಬರೆಸಿಕೊಂಡರು, ಕಡಲೆಕಾಯಿಯವರು, ಬಳೆಯವರು, ಎಳನೀರಿನವರು. ಹನ್ನೆರಡೂ ಜನ ಒಟ್ಟಿಗೆ ಹೋಗಿ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಇಲ್ಲದೆ ವಾಪಸ್ ಬರೋಲ್ಲ ಅಂತ ಕೂತು ಸೀಲು ಹಾಕಿಸಿಕೊಂಡು ಬಂದಿದ್ದಾರೆ. ಸ್ವೀಕೃತಿಯ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಗಾಡಿಗೆ ಕಟ್ಟಿ, ಇನ್ನೊಂದನ್ನು ನನ್ನ ಬೀರುವಿನಲ್ಲಿ ಇಟ್ಟಿರಿ ಅಂತ ಕೊಟ್ಟು ಹೋಗಿದ್ದಾರೆ.